ವಾಸವೋ ವಸ್ತಿಯೋ

ಮಹಾನಂದಾಳ ಬಾಗಿಲ ಮುಂದೆ ದಿನಾ ಬೆಳಿಗ್ಗೆ ಯಾರೋ ರಂಗೋಲಿ ಹಾಕಿ ಹೋಗುತ್ತಿದ್ದರು.

ಮೊದಲ ಕೆಲವು ದಿನ ಅವಳು ಅದನ್ನು ದಾಟಿಕೊಂಡು ಕೆಲಸಕ್ಕೆ ಹೋದಳು. ಏನನ್ನೂ ವಿಚಾರಿಸುವ ಉಮೇದು ಆಗ ಅವಳಲ್ಲಿ ಇರಲಿಲ್ಲ. ಗಂಡ ಸಂಗಣ್ಣ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಮಾಕಳಿಯ ಮನೆಗೆ ಬರುತ್ತಿದ್ದವನು ತುಮಕೂರು ರಸ್ತೆ ದಾಟಲಿಲ್ಲ. ಆಮೇಲೆ ಅವಳು ಮಾಕಳಿ ಬಿಟ್ಟು ಊರಿನ ಇನ್ನೊಂದು ತುದಿಯ ಹೂಡಿಗೆ ಬಂದಳು. ಅತ್ತೆಯ ಮನೆಗೆ ಹೋಗಲಿಲ್ಲ, ಹುನಗುಂದದ ಕಡೆಯ ತವರಿಗೂ ಹೋಗಲಿಲ್ಲ. ಎರಡು ರಟ್ಟಿನ ಡಬ್ಬಿಗಳನ್ನು ಹಗ್ಗ ಬಿಗಿದು ತಂದಿದ್ದಳು. ಬಂದು ವರ್ಷವಾದರೂ ಹಗ್ಗ ಬಿಚ್ಚಿರಲಿಲ್ಲ.

ಹೂಡಿಯ ಆ ಮನೆ ಎಂದರೆ ಒಂದು ಕೋಣೆ, ಮೂಲೆಯಲ್ಲಿ ಒಲೆಗೆ ಕಟ್ಟೆ, ಮೇಲೆ ಸಿಮೆಂಟ್ ಶೀಟು, ಬಾಗಿಲ ಪಕ್ಕ ಹೊಸ ಕರೆಂಟ್ ಮೀಟರು. ಸುತ್ತ ಅರ್ಧ ಎಕರೆ ಖಾಲಿ ನೆಲ. ಒಂದು ಕಡೆ ಟೆಕ್ ಪಾರ್ಕಿನ ಗಾಜಿನ ಗೋಡೆ, ಇನ್ನೊಂದು ಕಡೆ ಕೆರೆಯ ಏರಿ, ನಡುವೆ ಪಾರ್ಥೇನಿಯಂ. ಅಕ್ಕಪಕ್ಕದವರಿಲ್ಲ. ಯಾರೂ ಏನೂ ಕೇಳುವುದಿಲ್ಲ. ಮಹಾನಂದಾಳಿಗೆ ಬೇಕಾದದ್ದು ಅಷ್ಟೇ. ಹಾಗಾಗಿ, ಬಾಡಿಗೆ ಯಾಕೆ ಇಷ್ಟು ಕಮ್ಮಿ ಎಂದೂ ಅವಳು ಕೇಳಿರಲಿಲ್ಲ.

ಆದರೆ ಒಂದು ಭಾನುವಾರ ಅವಳ ಒಗೆದ ಬಟ್ಟೆಯ ಪಕ್ಕದಲ್ಲೇ, ಅವಳದೇ ಹಗ್ಗದ ಮೇಲೆ, ಪುಟ್ಟ ಮಗುವಿನ ಹಳದಿ ಫ್ರಾಕು ಒಣಗುತ್ತಿತ್ತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಮನೆಯ ಮಾಲೀಕ ಚಿಕ್ಕಬೈರಪ್ಪನ ಮನೆಗೆ ಹೋದಳು. ಅವನದು ರಸ್ತೆಯಾಚೆ ಮೂರಂತಸ್ತಿನ ಕಟ್ಟಡ. ಅರವತ್ತೈದರ ಚಿಕ್ಕಬೈರಪ್ಪ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ರಸ್ತೆಯಲ್ಲಿ ಓಡಾಡುವವರ ಲೆಕ್ಕ ತನಗೇ ಒಪ್ಪಿಸಬೇಕೆಂಬಂತೆ ಕುಳಿತಿದ್ದ.

"ಕಾಕಾ, ಆ ಹಳದಿ ಅಂಗಿ ಯಾರದ್ರಿ?"

"ನಮ್ಮ ಮೊಮ್ಮಗಳ್ದು ಕಣವ್ವ. ನಮ್ಮನೆ ತಾವ ಬಿಸ್ಲು ಬೀಳಾಕಿಲ್ಲ."

ಮಹಾನಂದಾ ತಲೆಯೆತ್ತಿ ಅವನ ಮನೆಯ ತಾರಸಿ ನೋಡಿದಳು. ಬೆಳಿಗ್ಗೆಯಿಂದ ಸಂಜೆಯ ತನಕ ಆ ತಾರಸಿಯ ಮೇಲೆ ಬಿಸಿಲು ಬೀಳದ ಗಳಿಗೆಯೇ ಇರಲಿಲ್ಲ. ಚಿಕ್ಕಬೈರಪ್ಪನೂ ಅವಳ ಜೊತೆ ತಲೆಯೆತ್ತಿ ನೋಡಿ, ಕೆಮ್ಮಿದ.

"ಮತ್ತ ರಂಗೋಲಿ?"

"ಅದು ನಮ್ಮ ಸೊಸೆ, ಶ್ಯಾಮಲಾ ಆಕ್ತಾಳೆ. ನೀನಂತೂ ಆಕಾಕಿಲ್ಲ ಅಂದೆ. ನಾನ್ ಬಲವಂತ ಮಾಡುದ್ನಾ? ಇಲ್ಲ ತಾನೇ? ರಂಗೋಲಿ ಇದ್ರೆ ಮನೆ ಅಂಗೆ ಕಾಣ್ತದೆ, ಅದ್ಕೆ."

"ಮನೀನ ಐತೆಲ್ರಿ ಅದು."

"ನಿಂಗೆ ಗೊತ್ತು, ನಂಗೆ ಗೊತ್ತು. ನೋಡೋರ್ಗೆ ಗೊತ್ತಾಗ್ಬೇಕಲ್ವಾ ತಾಯಿ!"

ನೋಡುವವರು ಯಾರು ಎಂದು ಅವನು ಹೇಳಲಿಲ್ಲ. ವಾಪಸು ಬರುವಾಗ ಮಹಾನಂದಾಳಿಗೆ ಒಂದು ವಿಚಿತ್ರ ಗಮನಕ್ಕೆ ಬಂತು. ತನಗೆ ಏನೋ ತಿಳಿದುಕೊಳ್ಳಬೇಕು ಅನ್ನಿಸುತ್ತಿದೆ. ಹಸಿವು ಮರೆತವರಿಗೆ ಪಕ್ಕದ ಮನೆಯ ಒಗ್ಗರಣೆ ಮೂಗಿಗೆ ಬಂದ ಹಾಗಿತ್ತು ಅದು.

*

ಅವಳು ಧಾರವಾಡದಲ್ಲಿ ಕಾನೂನು ಓದಿದವಳು. ಹೂಡಿಯಿಂದ ಎರಡು ಸ್ಟಾಪು ಆಚೆ, ಇನ್ನೊಂದು ಟೆಕ್ ಪಾರ್ಕಿನ ಐದನೆಯ ಮಹಡಿಯಲ್ಲಿ ಅವಳ ಕೆಲಸ. ಪರದೇಶದ ವಕೀಲರು ಕಳಿಸುವ ಸಾವಿರಾರು ಕಾಗದಗಳನ್ನು ಕಂಪ್ಯೂಟರಿನಲ್ಲಿ ಓದಿ ಒಂದೊಂದಕ್ಕೂ ಗುರುತು ಹಾಕುವುದು. ಮೂರು ಗುಂಡಿ: ಉಪಯೋಗವಿದೆ, ಉಪಯೋಗವಿಲ್ಲ, ಹೊರಗೆ ತೋರಿಸಬಾರದು. ದಿನಕ್ಕೆ ಮುನ್ನೂರು ಕಾಗದ. ಓದಬೇಕು, ಆದರೆ ಮನಸ್ಸಿಗೆ ಹಚ್ಚಿಕೊಳ್ಳಬಾರದು. ಈ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಆ ವರ್ಷ, ಎರಡು ಸಾವಿರದ ಹದಿನಾಲ್ಕರ ಮಳೆ ಮುಗಿಯುವ ಹೊತ್ತಿಗೆ, ಹೊಸ ಕೇಸು ಬಂದಿತ್ತು. ಎರಡು ದೇಶಗಳ ಜಗಳ. ದೇಶದ ಹೆಸರು ಇರುವಲ್ಲೆಲ್ಲ ಕರಿ ಪಟ್ಟಿ ಎಳೆದಿದ್ದರಿಂದ ಕಚೇರಿಯವರು ತಾವೇ ಹೆಸರಿಟ್ಟುಕೊಂಡಿದ್ದರು. ದೊಡ್ಡ ದೇಶ ಹಲಸು, ಸಣ್ಣ ದೇಶ ನೆಲ್ಲಿ. ಇವರು ಕೆಲಸ ಮಾಡುತ್ತಿದ್ದುದು ಹಲಸಿನ ವಕೀಲರಿಗೆ. ಜಗಳ ಒಂದು ದಿಬ್ಬದ ಮೇಲೆ. ನಡುಸಮುದ್ರದ ದಿಬ್ಬ, ಉಬ್ಬರ ಬಂದಾಗ ನೀರಿನ ಮೇಲೆ ಉಳಿಯುವುದು ಎರಡು ಎಕರೆ.

"ಎರಡ ಎಕರೆಗೆ ಇಷ್ಟು ಕಾಗದಾನ್ರಿ?" ಎಂದು ಮಹಾನಂದಾ ತಂಡದ ಮುಖ್ಯಸ್ಥ ಚಿರಂಜೀವಿಯನ್ನು ಕೇಳಿದಳು. ಅವಳು ತಾನಾಗಿ ಪ್ರಶ್ನೆ ಕೇಳಿದ್ದು ಅದೇ ಮೊದಲಾದ್ದರಿಂದ ಅವನು ಕುರ್ಚಿಯನ್ನೇ ತಿರುಗಿಸಿಕೊಂಡು ಬಂದ. ದೊಡ್ಡನೆಕ್ಕುಂದಿಯ ಹುಡುಗ, ಮಾತೆಂದರೆ ಊಟ ಬಿಡುತ್ತಿದ್ದ.

"ಎರಡು ಎಕರೆಗಲ್ಲ ಮೇಡಂ, ಸಮುದ್ರಕ್ಕೆ! ಸಮುದ್ರದ ಕಾನೂನಲ್ಲಿ ಒಂದೇ ಒಂದು ಸಾಲಿದೆ ನೋಡಿ. ಮನುಷ್ಯರು ವಾಸ ಮಾಡಕ್ಕಾಗದೆ ಇರೋ, ತನ್ನ ಬದುಕು ತಾನು ನೋಡ್ಕೊಳಕ್ಕಾಗದೆ ಇರೋ ದಿಬ್ಬ ಅಂದ್ರೆ ಅದು ಬರೀ ಬಂಡೆ. ಬಂಡೆಗೆ ಸುತ್ತ ಹನ್ನೆರಡು ಮೈಲಿ ನೀರು, ಅಷ್ಟೇ. ಜನ ವಾಸ ಇದಾರೆ ಅಂತ ತೋರಿಸಿದ್ರೆ ಅದು ದ್ವೀಪ. ದ್ವೀಪಕ್ಕೆ ಇನ್ನೂರು ಮೈಲಿ! ಮೀನು, ಎಣ್ಣೆ, ಎಲ್ಲಾ ಅವರದ್ದು."

"ಜನ ಅದಾರೇನ್ರಿ ಅಲ್ಲಿ?"

"ಅದೇ ಮಜಾ. ಇರಲಿಲ್ಲ, ಇಟ್ಟರು. ಮೊದ್ಲು ಒಂದು ಬಾವುಟ, ಆಮೇಲೆ ಒಂದು ಪೋಸ್ಟ್ ಆಫೀಸು. ಆಮೇಲೆ ಒಬ್ಬ ಅಜ್ಜಿ. ಆಮೇಲೆ ಅಜ್ಜಿನ ಕಾಯಕ್ಕೆ ಅಂತ ಯುದ್ಧದ ಹಡಗು. ಗುಂಡು ಹಾರಿಸಿದ್ರೆ ಟಿವಿಲಿ ಬರುತ್ತೆ, ಪ್ರಪಂಚ ಎಲ್ಲಾ ಬೈಯುತ್ತೆ. ಅಜ್ಜಿನ ಕೂರಿಸಿದ್ರೆ ಯಾರ್ ಬೈತಾರೆ ಹೇಳಿ? ಸಕ್ಕತ್ ತಲೆ ಕಣ್ರೀ ಅವರದ್ದು. ಇದೂ ಯುದ್ಧಾನೇ, ಸ್ಟಾಂಪ್ ಪೇಪರ್ ಮೇಲೆ."

ಕಾಗದಗಳಲ್ಲಿ ಆ ಅಜ್ಜಿಗೆ ಹೆಸರಿರಲಿಲ್ಲ. ಸಾಕ್ಷಿ ಹನ್ನೊಂದು ಎಂದಿತ್ತು. ದೀಪಸ್ತಂಭ ನೋಡಿಕೊಳ್ಳುತ್ತಿದ್ದವನ ವಿಧವೆ. ಹನ್ನೊಂದು ವರ್ಷದಿಂದ ದಿಬ್ಬದ ಮೇಲಿದ್ದಾಳೆ. ತಿಂಗಳಿಗೊಮ್ಮೆ ಬರುವ ಸಾಮಾನಿನ ಹಡಗಿಗೆ ಚೀಟಿ ಬರೆಯುತ್ತಾಳೆ. ನ್ಯಾಯಮಂಡಳಿ ಆ ಚೀಟಿಗಳನ್ನೆಲ್ಲ ಕೇಳಿತ್ತು. ಒಟ್ಟು ನೂರ ಇಪ್ಪತ್ತು ಚಿಲ್ಲರೆ, ಅವೆಲ್ಲ ಮಹಾನಂದಾಳ ಪಾಲಿಗೆ ಬಂದವು.

ಅಕ್ಕಿ, ಸೀಮೆಎಣ್ಣೆ, ಕುಡಿಯುವ ನೀರು. ಸೂಜಿ, ಕಪ್ಪು ದಾರ. ಕೋಳಿಗೆ ಕಾಳು. ಮತ್ತೆ ಅಕ್ಕಿ, ನೀರು. ಓದುತ್ತ ಓದುತ್ತ ಮಹಾನಂದಾ ಅವಳಿಗೆ ರುದ್ರಮ್ಮ ಎಂದು ಹೆಸರಿಟ್ಟಳು. ಊರಿನಲ್ಲಿ ನೀರಿನ ಟಾಕಿಯ ಪಕ್ಕದ ಮುದುಕಿಯ ಹೆಸರು ಅದು. ಅವಳೂ ಒಬ್ಬಳೇ ಇದ್ದಳು. ಮೂರನೆಯ ವರ್ಷದ ಚೀಟಿಯೊಂದರಲ್ಲಿ ಹೊಸದೊಂದು ಸಾಮಾನು ಕಾಣಿಸಿತು: ಎರಡು ಮೂಟೆ ಮಣ್ಣು. ಅದರ ಮುಂದಿನದರಲ್ಲಿ: ಮಣ್ಣು ಬರಲಿಲ್ಲ, ಎರಡು ಮೂಟೆ ಸಾಕು. ಅದರ ಮುಂದಿನದರಲ್ಲೂ ಮಣ್ಣು.

"ಇದಕ್ಕ ಯಾವ ಗುಂಡಿ ಒತ್ತಬೇಕ್ರಿ?"

ಚಿರಂಜೀವಿ ತಲೆ ಕೆರೆದುಕೊಂಡ. "ತರಕಾರಿ ಬೆಳೀತಾರೆ ಅಂದ್ರೆ ದ್ವೀಪ. ಮಣ್ಣು ಹಡಗಲ್ಲಿ ಬರಬೇಕು ಅಂದ್ರೆ ಬಂಡೆ. ಅಜ್ಜಿ ಎರಡೂ ಕಡೆ ಹೊಡೀತಾಳಲ್ಲ ಗುರು!"

ಆಗಲೇ ಮಹಾನಂದಾಳ ತಲೆಯಲ್ಲಿ ಹಳದಿ ಫ್ರಾಕು ಹಾರಾಡಿತು. ಬಾವುಟ, ಪೋಸ್ಟ್ ಆಫೀಸು, ಅಜ್ಜಿ. ಕರೆಂಟ್ ಮೀಟರು, ರಂಗೋಲಿ, ತಾನು. ಅವಳು ನಕ್ಕಳು. ಒಂದೂವರೆ ವರ್ಷದ ಮೇಲೆ ಬಂದ ನಗು. ಪಕ್ಕದವನಿಗೆ ಕೇಳಿಸಿತೇನೋ ಎಂದು ಬಾಯಿಗೆ ಸೆರಗು ಹಿಡಿದಳು.

*

"ಕಾಕಾ, ನಿಮ್ಮ ಜಾಗಾ ತಕರಾರಿನ್ಯಾಗ ಐತೇನ್ರಿ?"

ಚಿಕ್ಕಬೈರಪ್ಪ ಬಾಯಿಗೆ ಹಾಕಿಕೊಳ್ಳಲು ಹೊರಟಿದ್ದ ಅಡಿಕೆ ಅಂಗೈಯಲ್ಲೇ ಉಳಿಯಿತು. "ಯಾರ್ ಯೋಳುದ್ರು? ನಮ್ಮ ಲಕ್ಷ್ಮಿ ಬಂದಿದ್ಲಾ?"

"ಯಾರೂ ಹೇಳಿಲ್ರಿ. ಸಮುದ್ರದಾಗ ಒಂದ ಬಂಡೆಗಲ್ಲ ಐತಿ. ಅದನ್ನ ನೋಡಿ ತಿಳೀತು."

ಯಾವ ದೇಶವೆಂದು ಅವಳಿಗೂ ಗೊತ್ತಿರಲಿಲ್ಲ; ಕಥೆಯಷ್ಟನ್ನು ಹೇಳಿದಳು. ಚಿಕ್ಕಬೈರಪ್ಪ ಕಣ್ಣು ಮಿಟುಕಿಸದೆ ಕೇಳಿದ. ಮುಗಿದ ಮೇಲೆ ಅವನ ಮುಖ ಅರಳಿಹೋಯಿತು.

"ಅಂಗಾರೆ ದೊಡ್ಡ ದೊಡ್ಡ ದೇಸ್ದೋರೂ ನಮ್ಮಂಗೇಯಾ! ಅಲ್ಲ, ಅವ್ರ ತಾವ ಹಡಗೈತೆ, ಬಾಂಬೈತೆ. ಆದ್ರೂ ಮುದುಕಿ ತಂದು ಕುಂಡ್ರುಸೌರಲ್ಲ! ಒಂದು ಮಾತು ಯೋಳು. ಮುದುಕಿ ಮನೆ ಮುಂದೆ ರಂಗೋಲಿ ಐತಾ?"

"ಕೋಳಿ ಅದಾವ್ರಿ."

"ಕೋಳಿ! ಇದು ನಂಗೆ ಒಳೀನೇ ಇಲ್ವಲ್ಲ." ಅವನು ನಿಜಕ್ಕೂ ಮರುಗಿದ. ಆಮೇಲೆ ತನ್ನ ವಿಷಯ ಬಿಚ್ಚಿದ. ಆ ಅರ್ಧ ಎಕರೆ ಅವನ ತಾಯಿಯದು. ತಂಗಿ ಲಕ್ಷ್ಮಮ್ಮ ತನಗೂ ಅರ್ಧ ಭಾಗ ಬೇಕೆಂದು ದಾವಾ ಹೂಡಿದ್ದಾಳೆ. ಅದು ತನಗೇ ಬಂದ ಜಾಗ, ಮನೆ ಕಟ್ಟಿ ಜನರನ್ನು ಇರಿಸಿ ಅನುಭವಿಸುತ್ತಿದ್ದೇನೆ ಎಂದು ಇವನ ವಾದ. ಜಾಗ ನೋಡಿ ವರದಿ ಕೊಡಲು ಕೋರ್ಟು ಒಬ್ಬ ವಕೀಲರನ್ನು ಕಮಿಷನರ್ ಮಾಡಿ ಕಳಿಸುತ್ತಿದೆ.

"ಬರೋ ಸನಿವಾರ ಬತ್ತಾರೆ. ನೀನು ಸುಳ್ಳು ಯೋಳೋದೇ ಬ್ಯಾಡ. ಇಲ್ಲೇ ವಾಸ ಇವ್ನಿ, ಸಂಸಾರ ಮಾಡ್ಕಂಡಿವ್ನಿ, ಅನ್ನು. ಎರಡೇ ಮಾತು. ಜನ ವಾಸ ಇಲ್ಲ ಅಂದ್ರೆ ಅದು ಖಾಲಿ ಜಾಗ. ಖಾಲಿ ಜಾಗ ಅಂದ್ರೆ ಅಳತೆ ಟೇಪು ಮನೆ ನಡೂಮಧ್ಯೆ ಓಗ್ತದೆ. ಆಮ್ಯಾಕೆ ನಿನ್ನ ಮನೇನೂ ಇರಾಕಿಲ್ಲ, ನೋಡ್ಕೋ. ಇದು ಎದುರ್ಸಿದ್ದಲ್ಲ. ಲೆಕ್ಕ ಯೋಳ್ದೆ."

ಅವನು ಹೆದರಿಸುತ್ತಿರಲಿಲ್ಲ, ನಿಜ. ಯಾರೂ ಏನೂ ಕೇಳದ ಒಂದು ಕೋಣೆ ಅವಳಿಗೆ ಈ ಊರಿನಲ್ಲಿ ಸಿಕ್ಕಿದ್ದು ಇದೊಂದೇ. ಅದು ಉಳಿಯಬೇಕಾದರೆ ಒಂದು ಪದ ಹೇಳಬೇಕು: ವಾಸ.

ಲಕ್ಷ್ಮಮ್ಮನನ್ನು ಅವಳು ಮರುದಿನವೇ ನೋಡಿದಳು. ನೋಡಿ ಗೊತ್ತಿದ್ದ ಮುಖವೇ. ಹೆಸರು ಮಾತ್ರ ಗೊತ್ತಿರಲಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಕೆರೆಯ ಕಡೆಯ ತೇವದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಹೊನಗೊನ್ನೆ ಸೊಪ್ಪು ಕೀಳುವ ಮುದುಕಿ. ಅಲ್ಲಿಯತನಕ ಮಹಾನಂದಾ ಅವಳನ್ನು ಸೊಪ್ಪು ಮಾರುವವಳು ಅಂದುಕೊಂಡಿದ್ದಳು.

"ನಮ್ಮವ್ವ ಇಲ್ಲೇ ಸೊಪ್ಪು ಕೀಳ್ತಿದ್ದಿದ್ದು," ಎಂದಳು ಲಕ್ಷ್ಮಮ್ಮ, ತಲೆಯೆತ್ತದೆ. "ನೀನೇನಾ ಅವ್ನು ಕೂರುಸ್ಕಂಡಿರೋಳು? ನಿನ್ ಮೇಲೆ ನಂಗೇನ್ ಕ್ವಾಪ ಇಲ್ಲ ಕಣಮ್ಮ. ಅವ್ನು ನಿನ್ನ ಅಲ್ದಿದ್ರೆ ಇನ್ನೊಬ್ರುನ್ನ ಕೂರುಸ್ತಿದ್ದ. ತಗೋ, ಎಳೇದೈತೆ, ಬ್ಯಾಳೆ ಜೊತೆ ಬೇಯ್ಸು." ಒಂದು ಹಿಡಿ ಸೊಪ್ಪು ಕೊಟ್ಟು, ಮೊಣಕಾಲು ಹಿಡಿದುಕೊಂಡು ಎದ್ದು, ರಂಗೋಲಿಯನ್ನು ಸುತ್ತು ಹಾಕಿಕೊಂಡು ಹೋದಳು. ತುಳಿಯಲಿಲ್ಲ.

*

ಮಂಗಳವಾರ ಕಚೇರಿಯಲ್ಲಿ ಮಹಾನಂದಾಳಿಗೆ ಒಂದೇ ಚೀಟಿಯ ಎರಡು ಇಂಗ್ಲಿಷ್ ಅನುವಾದ ಸಿಕ್ಕವು. ಹಳೆಯದನ್ನು ಹಡಗಿನ ಕಚೇರಿಯ ಗುಮಾಸ್ತ ಮಾಡಿದ್ದ. ಅದರಲ್ಲಿ ರುದ್ರಮ್ಮ ಬರೆದಿದ್ದಳು: 'ನಾನು ಇಲ್ಲಿ ಬರೀ ತಂಗಿದವಳು. ಊರಿಗೆ ಯಾವಾಗ ಕಳಿಸುತ್ತೀರಿ?' ಹೊಸದನ್ನು ವಕೀಲರು ಮಾಡಿಸಿದ್ದರು. ಅದರಲ್ಲಿ ಅದೇ ರುದ್ರಮ್ಮ ಬರೆದಿದ್ದಳು: 'ನಾನು ಇಲ್ಲಿಯೇ ವಾಸವಾಗಿದ್ದೇನೆ. ಊರನ್ನು ನೋಡಿಬರಲು ಯಾವಾಗ ಕಳಿಸುತ್ತೀರಿ?'

ಯಾವುದು ನಿಜ? ಮೂಲದ ಲಿಪಿ ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಕ್ಷರ ಬಾರದಿದ್ದರೂ ಆಕಾರ ಕಾಣುತ್ತದಲ್ಲ. ಜಗಳದ ಪದ ಚೀಟಿಯ ಎರಡನೆಯ ಸಾಲಿನ ಕೊನೆಯಲ್ಲಿತ್ತು; ಹೊಸ ಅನುವಾದಕ ಅದಕ್ಕೆ ಅಡಿಗೆರೆ ಎಳೆದಿದ್ದ. ಕುಡುಗೋಲಿನಂತೆ ಬಾಗಿದ ಮೊದಲ ಅಕ್ಷರ, ಅದರ ಹೊಟ್ಟೆಯಲ್ಲಿ ಎರಡು ಚುಕ್ಕೆ. ಅವಳು ಆ ಆಕಾರವನ್ನು ಕಾಗದದ ಚೂರಿನ ಮೇಲೆ ಬರೆದುಕೊಂಡು, ಉಳಿದ ಕಾಗದಗಳಲ್ಲಿ ಹುಡುಕಿದಳು. ಊಟಕ್ಕೆ ಏಳಲಿಲ್ಲ. ಆ ದಿನದ ಮುನ್ನೂರು ಕಾಗದ ಮುಗಿಯುವುದಿಲ್ಲ ಎಂದು ಗೊತ್ತಿದ್ದರೂ ಹುಡುಕಿದಳು.

ಮೂರು ಗಂಟೆಗೆ ಸಿಕ್ಕಿತು. ಸಾಮಾನಿನ ಹಡಗಿನ ವೇಳಾಪಟ್ಟಿ. 'ಹಡಗು ದಿಬ್ಬದ ಬಳಿ ಒಂದು ರಾತ್ರಿ ತಂಗಿ, ಬೆಳಿಗ್ಗೆ ಹೊರಡುವುದು.' ಮೂಲದಲ್ಲಿ ಅದೇ ಕುಡುಗೋಲು, ಅದೇ ಎರಡು ಚುಕ್ಕೆ. ಹಡಗಿಗೂ ಹೆಂಗಸಿಗೂ ಒಂದೇ ಪದ. ಹಡಗಿಗೆ ಬಂದಾಗ 'ತಂಗುವುದು', ಹೆಂಗಸಿಗೆ ಬಂದಾಗ 'ವಾಸ'.

ವಸ್ತಿ, ಎಂದುಕೊಂಡಳು ಮಹಾನಂದಾ.

ಅವಳ ಊರಿಗೆ ವಸ್ತಿ ಬಸ್ಸು ಬರುತ್ತಿತ್ತು. ಸಂಜೆ ಬಾಗಲಕೋಟೆಯಿಂದ ಬಂದು ಊರ ಅಗಸಿ ಬಾಗಿಲ ಮುಂದೆ ನಿಂತರೆ ಹೊರಡುವುದು ಬೆಳಿಗ್ಗೆ. ಡ್ರೈವರ್, ಕಂಡಕ್ಟರ್ ಅಲ್ಲೇ ವಸ್ತಿ. ಹದಿನೈದು ವರ್ಷ ಅದೇ ಕಂಡಕ್ಟರ್ ಬಂದ. ಊರಿನ ಮಕ್ಕಳ ಹೆಸರೆಲ್ಲ ಅವನಿಗೆ ಗೊತ್ತಿತ್ತು. ಆದರೂ ಅವನು ಆ ಊರಿನಲ್ಲಿ ವಾಸವಿದ್ದಾನೆ ಎಂದು ಯಾರೂ ಅನ್ನಲಿಲ್ಲ. ಹೂಡಿಗೆ ಬಂದ ಮೇಲೆ ತವರಿನಿಂದ ಫೋನು ಬಂದಾಗೆಲ್ಲ ಮಹಾನಂದಾ ಹೇಳುತ್ತಿದ್ದುದೂ ಅದೇ: ಸದ್ಯ ಇಲ್ಲಿ ವಸ್ತಿ ಅದೀನಿ.

ರುದ್ರಮ್ಮನದು ಹನ್ನೊಂದು ವರ್ಷದ ವಸ್ತಿ.

ಮಹಾನಂದಾ ಎರಡೂ ಅನುವಾದಗಳಿಗೆ 'ಉಪಯೋಗವಿದೆ' ಒತ್ತಿದಳು. ಒತ್ತಿದರೆ ಅವು ನ್ಯಾಯಮಂಡಳಿಗೆ ಹೋಗುವ ಗುಡ್ಡೆಗೆ ಸೇರುತ್ತವೆ. ಕೆಳಗಿನ ಟಿಪ್ಪಣಿಯ ಜಾಗದಲ್ಲಿ ಎರಡು ಸಾಲು ಬರೆದಳು: ಮೂಲದಲ್ಲಿ ಹಡಗಿಗೂ ಸಾಕ್ಷಿಗೂ ಒಂದೇ ಪದ ಬಳಕೆಯಾಗಿದೆ, ಅನುವಾದ ಮಾತ್ರ ಬೇರೆ ಬೇರೆ. ಬರೆದ ಮೇಲೆ ಯಾರದೋ ಪರವಾಗಿ ಮಾತಾಡಿದ ಹಾಗೆ ಅನ್ನಿಸಿ, ಕ್ಯಾಂಟೀನಿಗೆ ಹೋಗಿ ಚಹಾದ ಜೊತೆ ಎರಡು ಬಿಸ್ಕತ್ತು ತಿಂದಳು.

ಗುರುವಾರ ಬಂದು ನೋಡಿದರೆ ಆ ಫೈಲು ಅವಳ ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಚಿರಂಜೀವಿ ಹಲ್ಲು ಕಿರಿದುಕೊಂಡು ಬಂದ.

"ಮೇಡಂ, ನಿಮ್ಮ ನೋಟು ಬಾಂಬ್ ಥರ ಬಿತ್ತು! ಲಾಯರ್‌ಗಳೇ ಮೇಲ್ ಮಾಡಿದಾರೆ, ಇದನ್ನ ಹಿಡಿದಿದ್ದು ಯಾರು ಅಂತ. ಥ್ಯಾಂಕ್ಸ್ ಹೇಳಿದಾರೆ."

"ಹೌದ್ರಿ? ಅಂದ್ರ ಆ ಚೀಟಿ ನ್ಯಾಯಮಂಡಳಿಗೆ ಕೊಡ್ತಾರೇನ್ರಿ?"

"ಅಯ್ಯೋ, ಮಂಡಳಿ ಕೇಳಿದೆಯಲ್ಲ, ಕೊಡಲೇಬೇಕು. ಆದ್ರೆ ಅದರ ಜೊತೆ ಅಜ್ಜಿ ಕೈಲಿ ಹೊಸ ಪ್ರಮಾಣಪತ್ರ ಬರೆಸ್ತಾರಂತೆ. ದಿಬ್ಬಕ್ಕೆ ಜನ ಹೊರಟಾಯ್ತು. 'ನಾನು ತಂಗಿದೀನಿ ಅಂದಿದ್ದರ ಅರ್ಥ ವಾಸ ಇದೀನಿ ಅಂತಾನೇ' ಅಂತ ಅಜ್ಜಿನೇ ಹೇಳ್ತಾಳೆ. ನೀವು ಹಿಡೀದೆ ಇದ್ದಿದ್ರೆ ಆ ಕಡೆ ನೆಲ್ಲಿಯವರು ಹಿಡೀತಿದ್ರು, ಇವರು ಮಂಡಳಿ ಮುಂದೆ ಬಾಯಿ ಬಿಟ್ಟು ನಿಂತಿರ್ತಿದ್ರು. ತೂತು ಎಲ್ಲಿದೆ ಅಂತ ನೀವು ತೋರಿಸಿದ್ರಿ, ಅವರು ಮುಚ್ಕೊಂಡ್ರು."

ಮಹಾನಂದಾ ತೆರೆಯದ ಆ ಫೈಲನ್ನು ಇನ್ನೊಮ್ಮೆ ಒತ್ತಿ ನೋಡಿದಳು.

"ಮಣ್ಣು ಕಳಿಸಿದ್ರೇನ್ರಿ?"

"ಯಾವ ಮಣ್ಣು?"

"ಎರಡು ಮೂಟೆ. ಆಕಿ ಕೇಳಿದ್ದು."

"ಅದೆಲ್ಲ ನಮಗೆಲ್ಲಿ ಗೊತ್ತಾಗುತ್ತೆ ಮೇಡಂ," ಎಂದ ಚಿರಂಜೀವಿ. ಅವನ ನಗು ಕೊಂಚ ಇಳಿದಿತ್ತು.

ಆ ದಿನ ಅವಳು ಮುನ್ನೂರು ಕಾಗದ ಮುಗಿಸಿದಳು. ಒಂದೂ ತಲೆಗೆ ಹತ್ತಲಿಲ್ಲ. ರುದ್ರಮ್ಮ ತನ್ನ ಕೈಯಾರೆ ಬರೆದಿದ್ದ ಒಂದೇ ಒಂದು ಪದ. ಅದನ್ನು ತಾನು ಬೆರಳಿಟ್ಟು ತೋರಿಸಿದೆ. ಅವರು ಈಗ ಅವಳ ಬಾಯಿಂದಲೇ ಅದನ್ನು ತಿದ್ದಿಸುತ್ತಾರೆ. ಹಡಗು ಬರುವುದು, ನಾಲ್ಕು ಜನ ಇಳಿಯುವುದು, ಸಹಿ ಹಾಕಿ ಎನ್ನುವುದು. ಮಣ್ಣು ಸಿಗುತ್ತದೆ ಎಂದರೆ ಅವಳು ಹಾಕಿಯೂ ಬಿಡಬಹುದು. ಯಾಕೆ ಹಾಕಬಾರದು?

*

ಶನಿವಾರ ಹನ್ನೊಂದಕ್ಕೆ ಕಮಿಷನರ್ ಬಂದರು. ಮೂವತ್ತೈದರ ಆಸುಪಾಸಿನ ವಕೀಲ. ಕೈಯಲ್ಲಿ ಪ್ಯಾಡು, ಬೆವರಿನ ಕರವಸ್ತ್ರ. ಜೊತೆಗೆ ಅಳತೆಯವನು. ಒಂದು ಕಡೆ ಚಿಕ್ಕಬೈರಪ್ಪ ಬಿಳಿ ಪಂಚೆ ಉಟ್ಟು ನಿಂತಿದ್ದ, ಇನ್ನೊಂದು ಕಡೆ ಲಕ್ಷ್ಮಮ್ಮ ಸೆರಗು ಸುತ್ತಿಕೊಂಡು ನಿಂತಿದ್ದಳು. ರಂಗೋಲಿ ಆ ದಿನ ಎಂದಿಗಿಂತ ದೊಡ್ಡದಾಗಿತ್ತು, ಬಣ್ಣವೂ ತುಂಬಿತ್ತು. ಮನೆಯ ಹಿಂದಿನಿಂದ ಎರಡು ಕೋಳಿಗಳು ಬಂದವು. ಕಾಲಿಗೆ ಕಟ್ಟಿದ್ದ ದಾರ ಇನ್ನೂ ಬಿಚ್ಚಿರಲಿಲ್ಲ. ಚಿಕ್ಕಬೈರಪ್ಪ ಮಹಾನಂದಾಳ ಕಡೆ ಹೆಮ್ಮೆಯಿಂದ ನೋಡಿದ.

"ಕೋಳಿ ನಿನ್ನೆ ಸಂತೇಲಿ ತಂದೌನೆ ಸಾಮಿ," ಎಂದಳು ಲಕ್ಷ್ಮಮ್ಮ.

"ಏಯ್, ನೀನ್ ಸುಮ್ಕಿರು."

"ನೀನ್ ಕೋಳಿ ದಾರ ಬಿಚ್ಚು ಮೊದ್ಲು."

"ಇಬ್ರೂ ಸುಮ್ನಿರಿ," ಎಂದು ಕಮಿಷನರ್ ಪ್ಯಾಡು ತೆರೆದು ಮಹಾನಂದಾಳ ಹೆಸರು ಬರೆದುಕೊಂಡರು. "ನೀವಮ್ಮ, ಈ ಮನೇಲಿ ವಾಸ ಇದೀರಾ?"

ಚಿಕ್ಕಬೈರಪ್ಪನ ತುಟಿಗಳು ಅವಳ ಉತ್ತರವನ್ನು ಅವಳಿಗಿಂತ ಮೊದಲೇ ಆಡುತ್ತಿದ್ದವು.

"ವಸ್ತಿ ಅದೀನ್ರಿ, ಒಂದ ವರ್ಷದಿಂದ," ಎಂದಳು ಮಹಾನಂದಾ.

ಕಮಿಷನರ್ ತಲೆಯಾಡಿಸಿ ಬರೆದರು. ಚಿಕ್ಕಬೈರಪ್ಪ ಉಸಿರು ಬಿಟ್ಟ. ದಿನಕ್ಕೆ ಮುನ್ನೂರು ಕಾಗದ ಓದುವ ಕಣ್ಣು, ಪ್ಯಾಡು ತಲೆಕೆಳಗಾಗಿದ್ದರೂ ಓದಿತು: 'ಒಂದು ವರ್ಷದಿಂದ ಸದರಿ ಮನೆಯಲ್ಲಿ ವಸತಿ ಇರುತ್ತಾರೆ.'

ಅವಳು ಸುಳ್ಳು ಹೇಳಿರಲಿಲ್ಲ. ಬರೆದವರ ತಪ್ಪು. ಬೆಂಗಳೂರಿನ ಕಿವಿಗೆ ವಸ್ತಿಯೂ ವಸತಿಯೂ ಒಂದೇ. ಸುಮ್ಮನಿದ್ದರೆ ಮನೆ ಉಳಿಯುತ್ತದೆ, ಚಿಕ್ಕಬೈರಪ್ಪನಿಗೆ ಖುಷಿ, ತನಗೆ ಪಾಪವಿಲ್ಲ. ಇಲ್ಲಿ ತನ್ನನ್ನು ಯಾರೂ ಏನೂ ಕೇಳುವುದಿಲ್ಲ, ಇನ್ನೂ ಎಷ್ಟೋ ವರ್ಷ. ಹನ್ನೊಂದು ವರ್ಷವೂ ಆಗಬಹುದು.

"ಇಲ್ಲಿ ಸಹಿ ಹಾಕಿ," ಎಂದು ಕಮಿಷನರ್ ಪೆನ್ನು ಚಾಚಿದರು.

"ಸರ್, ಅದು ವಸತಿ ಅಲ್ರಿ."

"ಏನಮ್ಮ?"

"ವಸ್ತಿ. ಸಕಾರಕ್ಕ ತ ಒತ್ತು ಕೊಡ್ರಿ."

"ಎರಡೂ ಒಂದೇ ಅಲ್ವೇನ್ರಿ?"

"ಅಲ್ರಿ." ಅವಳು ವಸ್ತಿ ಬಸ್ಸಿನ ಕಥೆ ಹೇಳಿದಳು. ಇಷ್ಟುದ್ದ ಮಾತು ಅವಳ ಬಾಯಿಂದ ಬಂದು ಬಹಳ ದಿನವಾಗಿತ್ತು. ನಡುವೆ ಎರಡು ಸಲ ಉಸಿರು ತಗೊಂಡಳು. "ಹದಿನೈದು ವರ್ಷ ಬಂದ್ರೂ ಆ ಕಂಡಕ್ಟರ್ ನಮ್ಮೂರಾಗ ವಾಸ ಇರಲಿಲ್ರಿ. ವಸ್ತಿ ಇದ್ದ. ನಂದೂ ಹಂಗ. ಸಾಮಾನ ಬಿಚ್ಚಿಲ್ಲ, ಬೇಕಾದ್ರ ಒಳಗ ನೋಡ್ರಿ. ರಂಗೋಲಿ ನಾ ಹಾಕಿದ್ದಲ್ಲ. ಕೋಳಿ ನನ್ನವಲ್ಲ."

ಕಮಿಷನರ್ ಒಳಗೆ ಹೋಗಿ ಹಗ್ಗ ಬಿಗಿದ ಎರಡು ಡಬ್ಬಿ ನೋಡಿ ಬಂದರು. ಪ್ಯಾಡಿನ ಮೇಲೆ ಒಂದು ಪದ ಹೊಡೆದುಹಾಕಿ, ಇನ್ನೊಂದು ಬರೆದರು. ಬಗ್ಗಿ ನೋಡಿದ ಮಹಾನಂದಾಳಿಗೆ ಒತ್ತು ಕಾಣಿಸಿತು. ಅದರ ಮುಂದೆ ಆವರಣದಲ್ಲಿ 'ತಾತ್ಕಾಲಿಕ ತಂಗುವಿಕೆ' ಎಂದೂ ಇತ್ತು.

"ಅಯ್ಯೋ ತಾಯಿ," ಎಂದ ಚಿಕ್ಕಬೈರಪ್ಪ. ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗು ಹೆಚ್ಚಿತ್ತು. "ಒಂದು ಒತ್ತಕ್ಸರದಾಗೆ ನನ್ ದ್ವೀಪನ ಬಂಡೆ ಮಾಡ್ಬುಟ್ಯಲ್ಲವ್ವ."

"ಖಾಯಂ ವಾಸ ಎಲ್ಲಿ ಹಾಗಾದ್ರೆ?" ಕಮಿಷನರ್ ಮುಂದಿನ ಸಾಲಿಗೆ ಬಂದಿದ್ದರು. "ಇದು ತುಂಬಲೇಬೇಕು."

ಮಹಾನಂದಾ ಬಾಯಿ ತೆರೆದಳು. ಅತ್ತೆಯ ಮನೆಯ ವಿಳಾಸ ಬಾಯಿಗೆ ಬರಲಿಲ್ಲ. ತವರಿನದು ಬಂತು, ಆದರೆ ಅದೂ ಸುಳ್ಳಾಗುತ್ತಿತ್ತು. ಮಾಕಳಿಯ ಆ ಎರಡನೆಯ ಅಡ್ಡರಸ್ತೆಯ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಕೋಳಿಯೊಂದು ರಂಗೋಲಿಯ ನಡುವೆ ನಿಂತು ಹಳದಿ ಪುಡಿ ಕುಕ್ಕತೊಡಗಿತು.

"ಬುಡಿ ಸಾಮಿ," ಎಂದಳು ಲಕ್ಷ್ಮಮ್ಮ. "ಆ ಸಾಲು ಖಾಲಿ ಇರ್ಲಿ. ಹುಡುಗಿ ಇನ್ನೂ ಯೋಚ್ನೆ ಮಾಡ್ತಾವ್ಳೆ."

ಕಮಿಷನರ್ ಅವಳ ಮುಖ ನೋಡಿದರು, ಮಹಾನಂದಾಳ ಮುಖ ನೋಡಿದರು. ಸಾಲನ್ನು ಖಾಲಿ ಬಿಟ್ಟು ಸಹಿ ತಗೊಂಡರು.

ಎಲ್ಲರೂ ಹೋದ ಮೇಲೆ ಚಿಕ್ಕಬೈರಪ್ಪ ಕೋಳಿ ಹಿಡಿಯುತ್ತ ಹೇಳಿದ: ತೀರ್ಪು ಬರುವ ತನಕ ಅವಳು ಇರಬಹುದು, ಆಮೇಲೆ ಟೇಪು ಎಲ್ಲಿ ಹೋಗುತ್ತದೋ ನೋಡೋಣ. ಲಕ್ಷ್ಮಮ್ಮ ಹೇಳಿದಳು: ಟೇಪು ತನ್ನ ಕಡೆ ಬಂದರೂ ಇರಬಹುದು, ಆದರೆ ಸೊಪ್ಪಿನ ಮೇಲೆ ಪಾತ್ರೆ ತೊಳೆದ ನೀರು ಚೆಲ್ಲಬಾರದು. ಇಬ್ಬರೂ ಒಬ್ಬರಿಗೊಬ್ಬರು ಕೇಳಿಸದ ಹಾಗೆ ಹೇಳಿದರು.

ಭಾನುವಾರ ಬೆಳಿಗ್ಗೆ ಬಾಗಿಲು ತೆರೆದರೆ ರಂಗೋಲಿ ಇರಲಿಲ್ಲ. ಶ್ಯಾಮಲಾ ಬಂದಿರಲಿಲ್ಲ; ಇನ್ನು ಬರುವುದೂ ಇಲ್ಲ. ನಿನ್ನೆಯ ಬಣ್ಣ ಕೋಳಿಗಾಲಿನಲ್ಲಿ ಕದಡಿ ಹೋಗಿತ್ತು. ಅದರ ಕೆಳಗಿನ ಮಣ್ಣು ಕೆಂಪಗಿತ್ತು. ಅದು ಕೆಂಪು ಮಣ್ಣು ಎಂದು ಮಹಾನಂದಾ ಒಂದು ವರ್ಷದಲ್ಲಿ ಗಮನಿಸಿರಲಿಲ್ಲ. ಎರಡು ಮೂಟೆ ಏನು, ಇಲ್ಲಿ ನೂರು ಮೂಟೆ ಇತ್ತು.

ಅವಳು ಒಳಗೆ ಹೋಗಿ ಪೊರಕೆ ತಂದಳು. ಬಣ್ಣ ಗುಡಿಸಿದಳು, ಒಂದು ಕೊಡ ನೀರು ಚಿಮುಕಿಸಿದಳು. ರಂಗೋಲಿ ಹಾಕಲಿಲ್ಲ. ಊರಿನ ವಸ್ತಿ ಬಸ್ಸಿನ ಕಂಡಕ್ಟರ್ ಕೂಡ ಬೆಳಿಗ್ಗೆ ಹೊರಡುವ ಮೊದಲು ಬಸ್ಸಿನ ಮುಂದಿನ ನೆಲಕ್ಕೆ ನೀರು ಹೊಡೆಯುತ್ತಿದ್ದ. ಯಾಕೆ ಹೊಡೆಯುತ್ತಿದ್ದ, ಒಂದು ದಿನ ಕೇಳಬೇಕಾಗಿತ್ತು.